ಗುವಾಹಟಿಯಿಂದ ಐದೂವರೆ ತಾಸು

ಅವ್ವನ ಹೆಣದ ಪಕ್ಕದಲ್ಲಿ ಕೂತು ನಾನು ಲೆಕ್ಕ ಹಾಕುತ್ತಿದ್ದೆ. ಭಜನೆಯವರು ತಾಳ ಕುಟ್ಟುತ್ತಿದ್ದರು, ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ನಾನು ಮಾತ್ರ ಬೆರಳು ಮಡಚಿ, ಗುವಾಹಟಿಯಿಂದ ಬ್ಯಾಡಗಿಗೆ ಎಷ್ಟು ತಾಸು ಎಂದು ಎಣಿಸುತ್ತಿದ್ದೆ. ಈಗ ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವತ್ತು ನಾಚಿಕೆ ಆಗಲಿಲ್ಲ, ಸಿಟ್ಟು ಬಂದಿತ್ತು.

ನನ್ನ ತಮ್ಮ ಶಶಿಕಾಂತ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದ. ಕಂಪನಿಯವರು ಅವನನ್ನು ಅಸ್ಸಾಮಿಗೆ ಹಾಕಿ ಮೂರು ವರ್ಷವಾಗಿತ್ತು. ಗುವಾಹಟಿಯಲ್ಲಿ ಒಂದು ಕೋಣೆ ಹಿಡಿದುಕೊಂಡು ಅಲ್ಲಿಯ ರೈತರಿಗೆ ಬದನೆ, ಮೆಣಸಿನಕಾಯಿ ಬೀಜ ಮಾರುತ್ತಿದ್ದ. ಎರಡು ಸಾವಿರದ ಏಳರ ಫೆಬ್ರುವರಿಯ ಆ ಬುಧವಾರ, ಮುಂಜಾನೆ ಐದೂವರೆಗೆ ನನ್ನ ಹೆಂಡತಿ ಭುವನಾ ಚಹಾ ತೆಗೆದುಕೊಂಡು ಅವ್ವನ ಕೋಣೆಗೆ ಹೋದಳು. ಅವ್ವ ಏಳಲಿಲ್ಲ. ಮೈ ತಣ್ಣಗಾಗಿತ್ತು. ಆರು ಹತ್ತಕ್ಕೆ ನಾನು ನನ್ನ ಮೊಬೈಲಿನಿಂದ ಶಶಿಯ ಮೊಬೈಲಿಗೆ ಹಚ್ಚಿದೆ.

"ಅವ್ವ ಹೋದ್ಲೋ ಶಶಿ," ಎಂದೆ.

ಅವನು, "ಬರಾಕತ್ತೇನಿ ಅಣ್ಣ. ನಾ ಬರೂತನಕ ಮಣ್ಣು ಮಾಡಬ್ಯಾಡ್ರಿ," ಎಂದ. ಫೋನ್ ಕಟ್ ಆಯಿತು.

ಹನ್ನೊಂದು ನಲವತ್ತಕ್ಕೆ ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಹೆಗಲಿಗೆ ಒಂದು ಚೀಲ, ಕೆಂಪಾದ ಕಣ್ಣು, ಎರಡು ದಿನದ ಗಡ್ಡ. ಹೆಂಗಸರ ಅಳು ಜೋರಾಯಿತು. ಅವನು ಅವ್ವನ ಕಾಲ ಮೇಲೆ ಬಿದ್ದ. ನಾನು ಕೈಗಡಿಯಾರ ನೋಡಿಕೊಂಡೆ.

ನನ್ನ ಕೆಲಸವೇ ಅದು. ನಾನು ಕೊಟ್ರೇಶ, ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಪುಸ್ತಕದಲ್ಲಿ ಬರೆದು ಸಹಿ ಮಾಡುವವನು. ಇಪ್ಪತ್ತೆರಡು ವರ್ಷದಿಂದ ಡ್ರೈವರ್ ಕಂಡಕ್ಟರುಗಳು ಹೇಳುವ ಸುಳ್ಳು ಕೇಳಿದ್ದೇನೆ. ಮೋಟೆಬೆನ್ನೂರಿನ ಹತ್ತಿರ ಪಂಕ್ಚರ್ ಆಯಿತು ಎನ್ನುತ್ತಾರೆ. ಪಂಕ್ಚರ್ ತೆಗೆಯಲು ಮುಕ್ಕಾಲು ತಾಸು ಬೇಕು, ಇವರು ತಡವಾಗಿದ್ದು ಇಪ್ಪತ್ತೇ ನಿಮಿಷ. ಅಂದರೆ ಎಲ್ಲೋ ಚಹಾ, ಮಿರ್ಚಿ ನಡೆದಿದೆ. ಮನುಷ್ಯ ಬಾಯಿಯಿಂದ ಸುಳ್ಳು ಹೇಳಬಹುದು, ದಾರಿ ಸುಳ್ಳು ಹೇಳುವುದಿಲ್ಲ ಎಂದು ನಾನು ನಂಬಿದ್ದೆ. ಡಿಪೋದಲ್ಲಿ ನನ್ನನ್ನು ಬೆನ್ನ ಹಿಂದೆ ಸಂಶಯದ ಗಿರಾಕಿ ಎನ್ನುತ್ತಿದ್ದರು. ಅನ್ನಲಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಮಾತು ಅದು ಎಂದುಕೊಂಡು ಸುಮ್ಮನಿರುತ್ತಿದ್ದೆ.

ಗುವಾಹಟಿಯ ಲೆಕ್ಕವನ್ನು ನನಗೆ ಕಲಿಸಿದವನು ಶಶಿಯೇ. ಅಸ್ಸಾಮಿಗೆ ಹೊರಟಾಗ ಅವ್ವ, ತಿಂಗಳಿಗೊಮ್ಮೆ ಬಂದು ಹೋಗು ಎಂದಿದ್ದಕ್ಕೆ ಅವನು ಕಾಗದದ ಮೇಲೆ ಬರೆದು ತೋರಿಸಿದ್ದ. ಗುವಾಹಟಿಯಿಂದ ಕಲ್ಕತ್ತಾಕ್ಕೆ ವಿಮಾನದಲ್ಲಿ ಒಂದು ತಾಸು ಹತ್ತು ನಿಮಿಷ. ಅಲ್ಲಿಂದ ಬೆಂಗಳೂರಿಗೆ ಇನ್ನೊಂದು ವಿಮಾನ, ಎರಡೂವರೆ ತಾಸು. ಆಕಾಶದ ದಾರಿಯೇ ಎರಡು ಸಾವಿರ ಕಿಲೋಮೀಟರ್ ದಾಟುತ್ತದೆ. ನಡುವೆ ಕಾಯುವುದು, ಚೀಲ ತಪಾಸಣೆ. ಬೆಂಗಳೂರಿನಿಂದ ಬ್ಯಾಡಗಿಗೆ ಮತ್ತೆ ಮುನ್ನೂರ ಇಪ್ಪತ್ತೈದು ಕಿಲೋಮೀಟರ್, ಬಸ್ಸಿಗೆ ಏಳು ತಾಸು. ಎಷ್ಟೇ ಲಗೂ ಅಂದರೂ ಹದಿನಾಲ್ಕು ತಾಸು ಬೇಕು ಎಂದಿದ್ದ. ಮೂರು ವರ್ಷದಲ್ಲಿ ಅವನು ಬಂದದ್ದು ನಾಲ್ಕು ಸಲ. ಅವ್ವನನ್ನು ನೋಡಿಕೊಂಡವರು ನಾನು, ಭುವನಾ. ಆದರೆ ಅವ್ವನ ಬಾಯಲ್ಲಿ ಸದಾ ಶಶಿ, ಶಶಿ. ದೂರದ ಬೆಟ್ಟ ನುಣ್ಣಗೆ ಎಂದು ನಾನು ಅವಳ ಮುಖಕ್ಕೇ ಹೇಳುತ್ತಿದ್ದೆ.

ಆ ಹದಿನಾಲ್ಕು ತಾಸು ಈಗ ಐದೂವರೆ ಆಗಿತ್ತು. ಗರುಡನ ಮೇಲೆ ಕೂತು ಬಂದರೂ ಆಗದ ಮಾತು. ಅಂದರೆ ಅವನು ಗುವಾಹಟಿಯಲ್ಲಿ ಇರಲೇ ಇಲ್ಲ. ಹಾಗಾದರೆ ಎಷ್ಟು ದಿನದಿಂದ ಇಲ್ಲೇ ಎಲ್ಲೋ ಇದ್ದಾನೆ? ದೂರ, ದೂರ ಎಂದು ನೆಪ ಹೇಳಿ ಹೆತ್ತವಳನ್ನು ನನ್ನ ಕೊರಳಿಗೆ ಕಟ್ಟಿ ಹತ್ತಿರದಲ್ಲೇ ಹಾಯಾಗಿ ಇದ್ದನೇ? ಮತ್ತೊಂದು ಮಾತೂ ನೆನಪಾಯಿತು. ಹಿಂದಿನ ದಿನ, ಮಂಗಳವಾರ ಮಧ್ಯಾಹ್ನ, ಅವನು ಸುಮ್ಮನೆ ಫೋನ್ ಮಾಡಿದ್ದ. "ಅವ್ವ ಹೆಂಗದಾಳ? ಒಮ್ಮೆ ದವಾಖಾನಿಗೆ ತೋರಸಣ್ಣ," ಎಂದಿದ್ದ. ಹಿಂದೆ ಏನೋ ಗದ್ದಲ, ಯಾರೋ ಮೈಕಿನಲ್ಲಿ ಮಾತಾಡುತ್ತಿದ್ದರು. ಎಲ್ಲಿದ್ದೀ ಎಂದರೆ ಮಾರ್ಕೆಟ್‌ನಾಗ ಅಂದ. ಎರಡು ತಿಂಗಳಿಗೊಮ್ಮೆ ಫೋನ್ ಮಾಡುವವನು ಅವ್ವ ಸಾಯುವ ಹಿಂದಿನ ದಿನವೇ ಯಾಕೆ ಕೇಳಿದ? ಆಗಲೇ ನನಗೆ ಸರಿ ಕಾಣಲಿಲ್ಲ. ರೊಟ್ಟಿ ತಿಂದು ಅರಾಮ ಕುಂತಾಳ, ಅಲ್ಲಿಂದ ನನಗ ಬುದ್ಧಿ ಹೇಳಬ್ಯಾಡ ಎಂದು ಫೋನ್ ಇಟ್ಟಿದ್ದೆ.

ಹಿತ್ತಿಲಲ್ಲಿ ಕಾಲು ತೊಳೆಯಲು ಹೋದವನನ್ನು ಹಿಡಿದೆ.

"ಯಾವ ವಿಮಾನಕ್ಕ ಬಂದಿ?"

ಅವನು ತಂಬಿಗೆ ಕೆಳಗಿಟ್ಟ. "ಮುಂಜಾನಿ ವಿಮಾನ ಸಿಕ್ತಣ್ಣ."

"ಎಷ್ಟಕ್ಕ?"

"ಆರೂವರಿಗೆ ಏನೋ. ನೆನಪಿಲ್ಲ."

"ಎಲ್ಲಿ ಇಳದಿ? ಇಲ್ಲಿ ಮೆಣಸಿನಕಾಯಿ ಪ್ಯಾಟ್ಯಾಗ ಇಳದೇನ?"

ಅವನು ನನ್ನ ಮುಖ ನೋಡಲಿಲ್ಲ. "ಈಗ ಅದನ್ನೆಲ್ಲಾ ಕೇಳಬ್ಯಾಡ," ಎಂದ. ಕಂಡಕ್ಟರು ಕೂಡ ಸಿಕ್ಕಿಬಿದ್ದಾಗ ಇದೇ ಮಾತು ಹೇಳುತ್ತಾರೆ.

ನಾನು ನೇರ ಅಂದಾನೆಪ್ಪ ಮಾವನ ಹತ್ತಿರ ಹೋದೆ. ಮಾವ ಅವ್ವನ ತಮ್ಮ, ಐರಣಿಯವನು. ತವರಿನ ಬಿಳಿ ಸೀರೆ ತಂದು ಅವ್ವನ ಮೈಮೇಲೆ ಹೊದಿಸಿ ಪಕ್ಕದಲ್ಲಿ ಕೂತಿದ್ದ. ನಮ್ಮಲ್ಲಿ ತವರಿನವರು ಹೂಂ ಅನ್ನದೆ ಹೆಣ ಎತ್ತುವಂತಿಲ್ಲ. ಮಾವನಿಗೆ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಅವನು ಮೀಸೆ ತಿರುವುತ್ತ ಕೇಳಿ, ಅಂಗಳದಲ್ಲಿ ಎಲ್ಲರೆದುರೇ ಶಶಿಯನ್ನು ಕರೆದ. ಆಚೆ ಬಿದಿರು ಕಟ್ಟಿ, ಬಾಳೆಕಂಬ ನಿಲ್ಲಿಸಿ ಅವ್ವನನ್ನು ಕೂಡಿಸಿ ಒಯ್ಯಲು ಸಿದ್ಧ ಮಾಡುತ್ತಿದ್ದವರೂ ಕೈ ನಿಲ್ಲಿಸಿದರು.

"ಎಲ್ಲಿದ್ದಿ ನೀ? ಖರೇ ಹೇಳು," ಎಂದ ಮಾವ. "ಕೊಟ್ರ್ಯಾ ಹೇಳೂದು ಸುಳ್ಳ ಅಂದ್ರ ಈಗ ಇಲ್ಲೇ ಅವನ ಕಡಿಂದ ತಪ್ಪಾತು ಅನಸ್ತೇನಿ. ಖರೇ ಇದ್ರ, ಹತ್ರ ಇದ್ದೂ ನಮ್ಮಕ್ಕನ ಕಡೆ ತಿರುಗಿ ನೋಡದಾವನ ಕೈಯ ಮಣ್ಣು ನಮ್ಮಕ್ಕಗ ಬ್ಯಾಡ."

ಶಶಿ ಒಮ್ಮೆ ನನ್ನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ ಅದು. ಏನೋ ತೂಗಿ ನೋಡುವ ಹಾಗೆ ಇತ್ತು. ಆಮೇಲೆ ತಲೆ ತಗ್ಗಿಸಿ, "ಬೆಂಗಳೂರಾಗ ಇದ್ದೆ ಮಾವ. ಒಂದು ತಿಂಗಳಾತು. ಹೇಳಿರಲಿಲ್ಲ," ಎಂದ.

ಅಂಗಳದಲ್ಲಿ ಗುಸುಗುಸು ಎದ್ದಿತು. ಒಬ್ಬ ಮುದುಕಿ ನೆಟಿಗೆ ಮುರಿದಳು. ಮಾವ, "ನಡಿ, ಆಚೆ ನಿಂದ್ರು," ಎಂದ. ಶಶಿ ಬೀದಿಗೆ ಹೋಗಿ ಎದುರು ಮನೆಯ ಕಟ್ಟೆಯ ಮೇಲೆ ಕೂತ. ನನಗೆ ಎದೆ ಹಗುರಾಯಿತು. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ಅವ್ವನನ್ನು ಇಟ್ಟುಕೊಂಡದ್ದು ಯಾರು ಎಂದು ಈಗ ಎಲ್ಲರಿಗೂ ಗೊತ್ತಾಯಿತಲ್ಲ ಅನಿಸಿತು. ಆ ಖುಷಿ ಒಂದು ಬೀಡಿ ಸೇದುವಷ್ಟು ಹೊತ್ತೂ ಇರಲಿಲ್ಲ.

ಯಾಕೆಂದರೆ ಲೆಕ್ಕ ಮತ್ತೆ ಕೂಡಲಿಲ್ಲ. ಬೆಂಗಳೂರಿನಲ್ಲಿದ್ದವನಿಗೆ ನಾನು ಆರು ಹತ್ತಕ್ಕೆ ಫೋನ್ ಮಾಡಿದೆ. ಎದ್ದು, ಬಸ್ ಸ್ಟ್ಯಾಂಡಿಗೆ ಬಂದು, ಬಸ್ಸು ಹಿಡಿದು, ಏಳು ತಾಸು ಕೂತರೆ ಎರಡು ಗಂಟೆಯ ಒಳಗೆ ಬ್ಯಾಡಗಿ ಕಾಣುವುದಿಲ್ಲ. ಅವನು ಬಂದದ್ದು ಕಾರಿನಲ್ಲೂ ಅಲ್ಲ. ಹೆದ್ದಾರಿಯ ಮೋಟೆಬೆನ್ನೂರಿನಿಂದ ಬರುವ ಟಂಟಂ ಆಟೋದಿಂದ ಇಳಿದದ್ದನ್ನು ನಾನೇ ನೋಡಿದ್ದೆ. ಮೋಟೆಬೆನ್ನೂರಿನಲ್ಲಿ ಹನ್ನೊಂದು ಕಾಲಿಗೆ ಬಸ್ಸಿಳಿದಿದ್ದರೆ ಅದು ಬೆಂಗಳೂರು ಬಿಟ್ಟದ್ದು ನಾಲ್ಕೂವರೆಗೆ. ಆ ಬಸ್ಸು ನನಗೆ ಗೊತ್ತು, ದಿನಾ ನಾನೇ ಅದಕ್ಕೆ ಸಹಿ ಹಾಕುತ್ತೇನೆ. ನಾಲ್ಕೂವರೆಗೆ ಅವ್ವ ಸತ್ತ ಸುದ್ದಿ ನನಗೇ ಗೊತ್ತಿರಲಿಲ್ಲ. ಭುವನಾ ಇನ್ನೂ ಒಲೆ ಹಚ್ಚಿರಲಿಲ್ಲ.

ಕಂಟ್ರೋಲರ್‌ಗಳು ಮಾಡುವ ತಪ್ಪನ್ನೇ ನಾನು ಮಾಡಿದ್ದೆ. ನಮ್ಮ ಪುಸ್ತಕದಲ್ಲಿ ಬಸ್ಸು ಹೊರಡುವುದು ನಾವು ಸಹಿ ಹಾಕಿದ ಹೊತ್ತಿಗೆ. ಅದಕ್ಕೂ ಮೊದಲು ಅದು ಎಲ್ಲಿಂದ ಬಂತು ಎಂದು ಯಾರು ಕೇಳುತ್ತಾರೆ? ನನ್ನ ಫೋನಿನಿಂದಲೇ ತಮ್ಮನ ಪ್ರಯಾಣ ಶುರುವಾಯಿತು ಎಂದು ಹಿಡಿದು ಲೆಕ್ಕ ಹಾಕಿದ್ದೆ. ಅವನು ಅದಕ್ಕೂ ಮೊದಲೇ ಹೊರಟಿದ್ದ. ಅವ್ವ ಸಾಯುತ್ತಾಳೆ ಎಂದು ಇವನಿಗೆ ಮೊದಲೇ ಹೇಗೆ ಗೊತ್ತು? ಸಂಶಯ ಈಗ ಬೇರೆಯದೇ ಹಾದಿ ಹಿಡಿಯಿತು. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ.

ಟವೆಲ್ ತರುತ್ತೇನೆಂದು ಒಳಕೋಣೆಗೆ ಹೋಗಿ ಶಶಿಯ ಚೀಲ ಬಿಚ್ಚಿದೆ. ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಶ್ಶು. ಭುವನಾ ಬಾಗಿಲಿಗೆ ಬಂದು ನಿಂತಳು.

"ಹೆಣ ಹೊರಗ ಐತಿ, ನೀವು ಚೀಲ ಹುಡಕಾಕತ್ತೀರೇನ್ರಿ?"

"ನೀ ಸುಮ್ನಿರು," ಎಂದೆ.

ಪಕ್ಕದ ಜೇಬಿನಲ್ಲಿ ಟಿಕೆಟ್ಟುಗಳಿದ್ದವು. ನಾನು ಟಿಕೆಟ್ ನೋಡಿಯೇ ಬದುಕಿದವನು. ಮೊದಲು ಕಣ್ಣು ಹೋಗುವುದು ತಾರೀಖಿನ ಮೇಲೆ. ವಿಮಾನದ ಎರಡು ಹರಿದ ಚೀಟಿ, ಗುವಾಹಟಿಯಿಂದ ಕಲ್ಕತ್ತಾ, ಕಲ್ಕತ್ತಾದಿಂದ ಬೆಂಗಳೂರು, ಎರಡೂ ಮಂಗಳವಾರದವು. ಮೊದಲನೆಯದು ಮಧ್ಯಾಹ್ನ ಒಂದೂವರೆಯದು. ನನಗೆ ಫೋನ್ ಮಾಡಿದಾಗ ಅವನು ಮಾರ್ಕೆಟ್ಟಿನಲ್ಲಿ ಅಲ್ಲ, ವಿಮಾನ ನಿಲ್ದಾಣದಲ್ಲಿ ನಿಂತಿದ್ದ. ಅದರ ಜೊತೆಗೆ ಬೆಂಗಳೂರಿನ ನಾಲ್ಕೂವರೆಯ ಬಸ್ಸಿನ ಟಿಕೆಟ್ಟು. ಮತ್ತೊಂದು ಸಣ್ಣ ಕಾಗದದಲ್ಲಿ ಅವನದೇ ಅಕ್ಷರದಲ್ಲಿ ಹುಬ್ಬಳ್ಳಿಯ ಒಬ್ಬ ಹೃದಯದ ಡಾಕ್ಟರರ ಹೆಸರು, ಫೋನ್ ನಂಬರು, ಕೆಳಗೆ 'ಗುರುವಾರ ಹನ್ನೊಂದಕ್ಕೆ, ಅವ್ವ' ಎಂದು ಬರೆದಿತ್ತು.

ಗುರುವಾರ ಎಂದರೆ ನಾಳೆ.

ಬೆಂಗಳೂರಿನಲ್ಲಿ ಒಂದು ತಿಂಗಳು ಇದ್ದೆ ಎಂದದ್ದು ಶುದ್ಧ ಸುಳ್ಳು. ಅವನು ಗುವಾಹಟಿಯಿಂದಲೇ ಬಂದಿದ್ದ. ಅವ್ವನಿಗೆ ಎದೆಯ ಬೇನೆ ಎಂದು ಅವನಿಗೆ ಯಾರೋ ಹೇಳಿದ್ದರು. ನಾನು ಹೇಳಿರಲಿಲ್ಲ. ಭುವನಾಳನ್ನು ಕೇಳಿದೆ, ಅವಳೂ ಇಲ್ಲ ಎಂದಳು. ಮನೆಯ ಫೋನಿನಲ್ಲಿ ಹೊರ ಊರಿಗೆ ಹಚ್ಚಲು ಬರುವುದಿಲ್ಲ. ಅವ್ವ ಶಶಿಯ ಜೊತೆ ನನ್ನ ಮೇಲೆ ಚಾಡಿ ಹೇಳುತ್ತಾಳೆ ಎಂಬ ಗುಮಾನಿಯಿಂದ ನಾನೇ ಎಸ್‌ಟಿಡಿ ಬಂದ್ ಮಾಡಿಸಿದ್ದೆ. ಹಾಗಾದರೆ ಉಳಿದದ್ದು ಓಣಿಯ ಮೂಲೆಯ ಶಮಶೇರಸಾಬರ ಬೂತು.

ಶಮಶೇರಸಾಬರು ಹೂವಿನ ಹಾರ ಹಿಡಿದು ಅಂಗಳದ ಹೊರಗೇ ನಿಂತಿದ್ದರು. ಪಕ್ಕಕ್ಕೆ ಕರೆದೆ.

"ನಮ್ಮವ್ವ ನಿಮ್ಮ ಬೂತಿಗೆ ಬಂದಿದ್ಲೇನ್ರಿ?"

"ನಿನ್ನೆ ಮುಂಜಾನಿ ಬಂದಿದ್ಲರಿ. ಎಂಟಕ್ಕ, ನೀವು ಡ್ಯೂಟಿಗೆ ಹೋದ ಮ್ಯಾಲ. ಚೀಟಿ ಕೊಟ್ಟು ನಂಬರ್ ಹಚ್ಚಿಕೊಡು ಅಂದ್ಲು. ಗಾಜಿನ ಬಾಗಲಾ ಮುಚ್ಚಿದ್ರ ಉಸಿರಾಡಾಕ ಆಗವಲ್ದು ಅಂದ್ಲು, ಅದಕ್ಕ ನಾನ ಬಾಗಲಾ ತಗದು ಹಿಡಕೊಂಡು ನಿಂತಿದ್ದೆ."

"ಏನಂದ್ಲು?"

ಅವರು ಹಾರದ ಎಳೆ ಸರಿಮಾಡುತ್ತ ನಿಂತರು. "ತಾಯಿ ಮಗನ ಮಾತು ನಾ ಯಾಕ ಹೇಳ್ಲಿ ಸಾಹೇಬ್ರ. ಶಶಿನ್ನ ಕೇಳ್ರಿ," ಎಂದರು.

ನನಗೆ ಕೇಳುವ ಅಗತ್ಯವೇ ಇರಲಿಲ್ಲ. ಮೂರೂವರೆ ತಿಂಗಳ ಹಿಂದೆ, ದೀಪಾವಳಿಗೆ ಬರುತ್ತೇನೆಂದಿದ್ದ ಶಶಿ ರಜೆ ಸಿಗಲಿಲ್ಲ ಎಂದು ಬರಲಿಲ್ಲ. ಮರುದಿನವೇ ಅವ್ವ ಎದೆ ನೋವು ಎಂದಳು. ಹಾವೇರಿಗೆ ಕರೆದುಕೊಂಡು ಹೋಗಿ ಎದೆಯ ಇಸಿಜಿ ಪಟ್ಟಿ ತೆಗೆಸಿದೆ, ಡಾಕ್ಟರು ಏನೂ ಇಲ್ಲ ಎಂದರು. ಬರುವಾಗ ಬಸ್ಸಿನಲ್ಲಿ, ಜನರ ಮುಂದೆಯೇ, "ಸಣ್ಣ ಮಗನ್ನ ಕರಸಾಕ ನಾಟಕ ಹೂಡಿದೀಯಲ್ಲ, ನನಗ ತಿಳೀದೇನ," ಎಂದಿದ್ದೆ. ತಾರೀಖು ಎರಡೂ ಕೂಡಿಸಿ ನೋಡಿ ಸುಳ್ಳು ಹಿಡಿದೆ ಎಂಬ ಹೆಮ್ಮೆಯಿತ್ತು ನನಗೆ. ಆಮೇಲೆ ಅವ್ವ ಎದೆಯ ಮಾತೇ ಎತ್ತಲಿಲ್ಲ. ನೋಡು, ವಾಸಿಯಾಯಿತು ಎಂದು ಭುವನಾಳ ಮುಂದೆ ನಕ್ಕಿದ್ದೆ.

ಬೀದಿಗೆ ಹೋದೆ. ಶಶಿ ಕಟ್ಟೆಯ ಮೇಲೆ ಹಾಗೆಯೇ ಕೂತಿದ್ದ. ಯಾರೋ ಕೊಟ್ಟ ಚಹಾ ಪಕ್ಕದಲ್ಲಿ ಆರಿತ್ತು. ನನ್ನ ಕೈಯಲ್ಲಿದ್ದ ಟಿಕೆಟ್ಟು ನೋಡಿ ಅವನಿಗೆ ಅರ್ಥವಾಯಿತು.

"ಬೆಂಗಳೂರಾಗ ಇದ್ದೆ ಅಂತ ಯಾಕ ಸುಳ್ಳ ಹೇಳಿದ್ಯೋ?"

"ಫೋನ್ ಮಾಡಿದ್ದು ಹೇಳಬ್ಯಾಡ ಅಂತ ಅವ್ವ ಆಣಿ ಹಾಕಿದ್ಲು." ಆರಿದ ಚಹಾ ಪಕ್ಕಕ್ಕೆ ಸರಿಸಿ, "ಮತ್ತ ಖರೇ ಹೇಳಿದ್ರ ಮಾವ ನಿನ್ನ ಬಿಡತಿದ್ನೇನು? ಹನ್ನೊಂದು ವರ್ಷ ನೀ ನೋಡಿಕೊಂಡಿ. ನಾ ನಾಕ ದಿನಕ್ಕ ಹೋಗಾಂವ, ನನಗ ಬೈದ್ರ ಬೈಲಿ," ಎಂದ. "ಕಲ್ಕತ್ತಾದಾಗ ವಿಮಾನ ನಾಕ ತಾಸು ತಡಾ ಮಾಡಿತಣ್ಣ. ಇಲ್ಲಾಂದ್ರ ನಸುಕಿನ್ಯಾಗ ಬಂದಿರತಿದ್ದೆ."

ಅಷ್ಟರಲ್ಲಿ ಹಲಗೆ ಬಾರಿಸಿದರು. ಅವ್ವನನ್ನು ಎತ್ತಿದರು. ನಾನು ಹೆಗಲು ಕೊಡಲು ಓಡಿದೆ. ಶಶಿ ಮೆರವಣಿಗೆಯ ಕೊನೆಯಲ್ಲಿ, ಜನರಿಂದ ಹತ್ತು ಹೆಜ್ಜೆ ಹಿಂದೆ ಬಂದ. ಮೆಣಸಿನಕಾಯಿಯ ಸುಗ್ಗಿ, ಊರೆಲ್ಲ ಘಾಟು. ಹೊತ್ತವರು ಕೆಮ್ಮುತ್ತ ನಡೆದರು. ದಾರಿಯುದ್ದಕ್ಕೂ ನನ್ನೊಳಗೆ ಒಬ್ಬ ಹೇಡಿ ಮಾತಾಡುತ್ತಿದ್ದ: ಅವನೇ ಒಪ್ಪಿಕೊಂಡಿದ್ದಾನೆ, ಸುಮ್ಮನಿದ್ದುಬಿಡು, ಇನ್ನು ಒಂದು ತಾಸು. ಆ ಮಾತು ನನಗೆ ಹಿತವಾಗಿಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅಪ್ಪನ ಸಮಾಧಿಯ ಪಕ್ಕದಲ್ಲಿ ಕುಣಿ ತೆಗೆದಿದ್ದರು. ಅಯ್ಯನವರು ಮಂತ್ರ ಹೇಳಿ, ಪತ್ರಿ ಏರಿಸಿ, ಅವ್ವನನ್ನು ಒಳಗೆ ಕೂಡಿಸಿದರು. ಮಾವ ನನ್ನ ಕೈ ಹಿಡಿದು, "ಹಿರೇ ಮಗ, ಮೊದಲ್ನೇ ಹಿಡಿ ನೀ ಹಾಕಪಾ," ಎಂದ. ದೂರದಲ್ಲಿ ಬೇವಿನ ಗಿಡದ ಕೆಳಗೆ ಶಶಿ ಒಬ್ಬನೇ ನಿಂತಿದ್ದ. ಮಣ್ಣು ನನ್ನ ಕೈಯಲ್ಲಿತ್ತು.

"ಮಾವ, ಶಶಿ ಬೆಂಗಳೂರಾಗ ಇರಲಿಲ್ಲ," ಎಂದೆ. "ಅವ್ವ ನಿನ್ನೆ ಅವಗ ಫೋನ್ ಮಾಡಿ ಕರದಿದ್ಲು. ಗುವಾಹಟಿಯಿಂದ ಹಗಲು ರಾತ್ರಿ ಮಾಡಿ ಬಂದಾನ. ತಪ್ಪು ನಂದು."

ಮಾವ ನನ್ನ ಮುಖ ನೋಡಿದ. ನಂಬಲಿಲ್ಲ. ಹಿಂದಿನಿಂದ ಯಾರೋ, "ತಮ್ಮನ್ನ ಉಳಿಸಾಕ ಹೇಳತಾನ, ದೊಡ್ಡ ಮನಸು," ಎಂದರು. ನಾನು ಟಿಕೆಟ್ಟು ತೆಗೆದು ಕೊಟ್ಟೆ. ಮಾವ ಅದನ್ನು ತಿರುವಿ ನೋಡಿ, "ಈ ಇಂಗ್ಲಿಷ್ ಚೀಟಿ ನನಗೇನ ತಿಳೀತೈತಿ? ಅವನ ಬಾಯಿಲೇನ ಒಪ್ಪಿಕೊಂಡಾನಲ್ಲ," ಎಂದು ವಾಪಸು ಕೊಟ್ಟ. ಜೀವಮಾನದಲ್ಲಿ ಒಮ್ಮೆ ನನ್ನ ಮಾತನ್ನು ಯಾರಾದರೂ ನಂಬಬೇಕಿತ್ತು. ಯಾರೂ ನಂಬುತ್ತಿಲ್ಲ. ಹೀಗೆ ನಿಲ್ಲುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು.

ಶಮಶೇರಸಾಬರು ಗುಂಪಿನ ಹಿಂದೆ ಇದ್ದರು. "ಶಮಶೇರಣ್ಣ, ಮುಂದ ಬರ್ರಿ," ಎಂದೆ. "ನಮ್ಮವ್ವ ನಿನ್ನೆ ಏನಂದ್ಲು, ಎಲ್ಲಾರ ಮುಂದ ಹೇಳ್ರಿ."

"ಬ್ಯಾಡ್ರಿ ಸಾಹೇಬ್ರ."

"ಹೇಳ್ರಿ. ಒಂದು ಮಾತೂ ಬಿಡಬ್ಯಾಡ್ರಿ."

ಅವರು ಕುಣಿಯ ಕಡೆ ನೋಡದೆ, ನೆಲ ನೋಡುತ್ತ ಹೇಳಿದರು. "'ಶಶಿ, ಎದಿ ಹಿಂಡಾಕತ್ತೈತಿ, ನಾಕ ದಿನಾತು ಮಕ್ಕೊಂಡಿಲ್ಲ' ಅಂದ್ಲರಿ. 'ಕೊಟ್ರೇಶಗ ಹೇಳಿದ್ರ ನಾಟಕ ಅಂತಾನ. ನೀ ಒಮ್ಮೆ ಬಂದು ಅವಗ ಹೇಳೋ ನನ್ನಪ್ಪಾ, ಅವ್ವ ಖರೇ ಹೇಳಾಕತ್ತಾಳ ಅಂತ. ನೀ ಹೇಳಿದ್ರ ನಂಬತಾನ.' ಇಷ್ಟ ಅಂದ್ಲು."

ಒಂದೇ ಗೋಡೆಯ ಆಚೆ ಈಚೆ ಮಲಗುತ್ತಿದ್ದೆವು ನಾನೂ ಅವ್ವನೂ. ನನಗೆ ಒಂದು ಮಾತು ಮುಟ್ಟಿಸಲು ಅವಳು ಗುವಾಹಟಿಯಿಂದ ಮಗನನ್ನು ಕರೆಸಬೇಕಾಯಿತು. ಮಾವ ನನ್ನ ಕೈ ಬಿಟ್ಟ. ಬೇವಿನ ಗಿಡದ ಕಡೆ ತಿರುಗಿ, "ಶಶಿ, ಬಾರಪಾ," ಎಂದ.

ನಾನು ಹಿಂದೆ ಸರಿದು ನಿಂತೆ. ಶಶಿ ಬಂದು ಮೊದಲ ಹಿಡಿ ಮಣ್ಣು ಹಾಕಿದ. ಹಾಕಿ ಎದ್ದು ಹೋಗಲಿಲ್ಲ, ಕುಣಿಯ ಪಕ್ಕದಲ್ಲೇ ಕೂತು ನನಗಾಗಿ ಕಾದ. ಮಾವ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ ನಾನೇ ಹೋಗಿ ಮೊಣಕಾಲೂರಿ ಕೂತೆ. ಮುಷ್ಟಿಯಲ್ಲಿ ಹಿಡಿದಿದ್ದ ಮಣ್ಣು ಬೆವರಿಗೆ ಮೆತ್ತಗಾಗಿತ್ತು.

"ನಂಬಿದೆ ಅವ್ವ," ಎಂದು ಹೇಳಿ ಹಾಕಿದೆ.